ಹದಿನಾಲ್ಕು ಕಾಳು, ಇನ್ನೊಂದು ಲೋಟ

ನಾನು ಹೆಚ್ಚು ಮಾತಾಡುವವನಲ್ಲ. ಆದರೂ ತಿಂಗಳಿಗೊಮ್ಮೆಯಾದರೂ ಬಸ್ಸಿನಲ್ಲೋ ಬ್ಯಾಂಕಿನಲ್ಲೋ ನಾನು ಬಾಯಿ ಬಿಟ್ಟ ಕೂಡಲೇ ಮೂವತ್ತರ ಆಸುಪಾಸಿನ ಯಾರಾದರೊಬ್ಬರು ತಟ್ಟನೆ ತಿರುಗಿ, ಚಿಕ್ಕಂದಿನಲ್ಲಿ ಹೊಡೆದ ಮೇಷ್ಟರನ್ನು ಕಂಡವರ ಹಾಗೆ ನನ್ನನ್ನು ನೋಡುತ್ತಾರೆ. ಅವರ ತಪ್ಪಿಲ್ಲ. ಅವರು ಮಕ್ಕಳಾಗಿದ್ದಾಗ ತುಮಕೂರು ರಸ್ತೆಯ ಆಚೀಚೆ, ಪೀಣ್ಯದಿಂದ ಮಾದನಾಯಕನಹಳ್ಳಿಯವರೆಗೆ, ಕೇಬಲ್ ಟಿವಿಯ ಲೋಕಲ್ ಚಾನೆಲ್‌ನಲ್ಲಿ ಬರುತ್ತಿದ್ದ ಜಾಹೀರಾತುಗಳಿಗೆಲ್ಲ ದನಿ ನನ್ನದೇ. ಅವುಗಳಲ್ಲಿ ಒಂದಂತೂ ಇಷ್ಟು ವರ್ಷವಾದರೂ ನನ್ನ ಬೆನ್ನು ಬಿಟ್ಟಿಲ್ಲ.

೧. ಪುಸ್ತಕ ಓದಿದ ತಪ್ಪು

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ನಟ್ಟು, ಬೋಲ್ಟು, ವಾಷರುಗಳ ನಡುವೆ ಕೂತು, ಕೆಲಸವಿಲ್ಲದಾಗ ಲೈಬ್ರರಿಯ ಪುಸ್ತಕ ಓದುತ್ತಿದ್ದೆ. ಮಾದನಾಯಕನಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಯ ಮಹಡಿಯ ಮೇಲೆ ಕೇಬಲ್ ಆಪರೇಟರನ ಆಫೀಸು. ಹಳೇ ಸಿನಿಮಾ ಹಾಕುವುದಕ್ಕೆಂದು ಅವನು ಸ್ವಂತ ಚಾನೆಲ್ ಒಂದನ್ನು ಇಟ್ಟುಕೊಂಡಿದ್ದ. ಸಿನಿಮಾದ ನಡುನಡುವೆ ಊರ ಅಂಗಡಿಗಳ ಜಾಹೀರಾತು.

ಒಂದು ಭಾನುವಾರ ಅವನು ಮೆಟ್ಟಿಲಿಳಿದು ಬಂದ.

“ಸಾರ್, ನೀವು ಯಾವಾಗ್ಲೂ ಪುಸ್ತಕ ಹಿಡ್ಕೊಂಡಿರ್ತೀರಲ್ಲ. ಫರ್ನಿಚರ್ ಅಂಗಡಿಗೆ ಒಂದ್ ನಾಲ್ಕು ಲೈನ್ ಬರ್ಕೊಡಿ.”

“ಓದೋದು ಬೇರೆ, ಬರೆಯೋದು ಬೇರೆ,” ಎಂದೆ.

“ನಮ್ಮ ಚಾನೆಲ್‌ಗೆ ಎರಡೂ ಒಂದೇ ಸಾರ್.”

ಬರೆದುಕೊಟ್ಟೆ. ಒಮ್ಮೆ ಜೋರಾಗಿ ಓದಿ ಎಂದ. ಓದಿದೆ. ಅದನ್ನು ಅವನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಎಂಬುದು ಮಾರನೆಯ ಸಂಜೆ ತಿಳಿಯಿತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಟಿವಿಯಿಂದ ಗಂಡನ ದನಿ ಬರುತ್ತಿರುವುದನ್ನು ಕೇಳಿ, ಸೌಟು ಹಿಡಿದೇ ಹೊರಗೆ ಬಂದಳು. ಜಾಹೀರಾತು ಮುಗಿಯುವವರೆಗೂ ಅಲುಗಾಡದೆ ನಿಂತು ಕೇಳಿದಳು.

“ಮದುವೆಯಾಗಿ ನಾಲ್ಕು ವರ್ಷ ಆಯ್ತು,” ಎಂದಳು. “ನೀವು ಒಂದೇ ಸಮ ಇಷ್ಟು ಮಾತಾಡಿದ್ದನ್ನ ಇವತ್ತೇ ಕೇಳಿದ್ದು. ಅದೂ ದಿವಾನ್ ಕಾಟ್ ಬಗ್ಗೆ.”

೨. ಆಲದ ಮರದ ಪಕ್ಕ

ಆ ಫರ್ನಿಚರ್ ಅಂಗಡಿಯ ಮಾಲೀಕರಿಗೆ ಸೋಫಾ ಮಂಚಗಳಿಗಿಂತ ವಿಳಾಸದ ಮೇಲೆ ಹೆಚ್ಚು ನಂಬಿಕೆ. ಅರ್ಧ ನಿಮಿಷದ ಜಾಹೀರಾತಿನಲ್ಲಿ ಮುಕ್ಕಾಲು ಪಾಲು ವಿಳಾಸವೇ. “ತುಮಕೂರು ರಸ್ತೆ, ಆಲದ ಮರದ ಪಕ್ಕ. ನೆನಪಿರಲಿ, ಆಲದ ಮರದ ಪಕ್ಕ. ಇನ್ನೊಮ್ಮೆ ಹೇಳುತ್ತೇವೆ, ಆಲದ ಮರದ ಪಕ್ಕ.” ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು.

ವರ್ಷ ತುಂಬುವುದರೊಳಗೆ ರಸ್ತೆ ಅಗಲ ಮಾಡುವವರು ಬಂದು ಮರ ಕಡಿದುಕೊಂಡು ಹೋದರು. ಗಿರಾಕಿಗಳು ಅಂಗಡಿಯ ಮುಂದೆಯೇ ನಿಂತು ಅಂಗಡಿಗೆ ಫೋನ್ ಮಾಡಿ ಮರ ಎಲ್ಲಿದೆ ಎಂದು ಕೇಳತೊಡಗಿದರು. ಜಾಹೀರಾತನ್ನು ಬದಲಾಯಿಸೋಣ ಎಂದು ನಾನು ಹೇಳಿದೆ.

“ಬೇಡ ಸಾರ್. ಜನಕ್ಕೆ ಬಾಯಿಪಾಠ ಆಗಿಬಿಟ್ಟಿದೆ. ಈಗ ಬದಲಾಯಿಸಿದ್ರೆ ಗಲಿಬಿಲಿ ಆಗುತ್ತೆ.”

ಬದಲಿಗೆ ಅಂಗಡಿಯ ಮುಂದೆ ಒಂದು ಬೋರ್ಡು ನಿಲ್ಲಿಸಿದರು: “ಆಲದ ಮರ ಇಲ್ಲಿತ್ತು.” ಕೆಳಗೆ ಒಂದು ಬಾಣದ ಗುರುತು.

ಆ ಅಂಗಡಿಯನ್ನೂ ಮುಚ್ಚಿ ಬಹಳ ಕಾಲವಾಯಿತು. ಈಗ ಅಲ್ಲಿ ಮರವಿಲ್ಲ, ಅಂಗಡಿಯಿಲ್ಲ, ಬೋರ್ಡೂ ಇಲ್ಲ. ಆಟೋದವರು ಮಾತ್ರ ಆಲದ ಮರದ ಹತ್ತಿರ ಅಂದರೆ ಸರಿಯಾಗಿ ಅಲ್ಲಿಯೇ ನಿಲ್ಲಿಸುತ್ತಾರೆ.

೩. ಹೃದಯದೊಳಗೆ ಮಾಲ್ಟ್

ಬೆನ್ನು ಬಿಡದ ಜಾಹೀರಾತು ಎಂದೆನಲ್ಲ, ಅದು ನಮ್ಮ ಬೀದಿಯ ಫ್ಲೋರ್ ಮಿಲ್ ಯಜಮಾನರದು. ಊರು ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿದ್ದ ಮನೆತನ. ಹೊಲದಲ್ಲಿ ಗೋಡೌನು ಎದ್ದಿತ್ತು, ಮಿಲ್ ಉಳಿದಿತ್ತು. ಅವರು ಹದಿನಾಲ್ಕು ಕಾಳು ಹುರಿದು ಬೀಸಿ ರಾಗಿ ಮಾಲ್ಟ್ ಮಾಡಿದ್ದರು. ಪಟ್ಟಿ ಓದಿದೆ. ಹದಿಮೂರರ ತನಕ ತೊಂದರೆ ಇರಲಿಲ್ಲ. ಹದಿನಾಲ್ಕನೆಯದು ಮೆಂತ್ಯ.

“ಮೆಂತ್ಯ ಬೇಕೇ ಬೇಕಾ?” ಎಂದೆ.

“ಮೆಂತ್ಯ ತಂಪು ಸಾಮಿ. ನಮ್ಮವ್ವ ಹೇಳಿರೋದು. ಅಲ್ದೆ ಹದಿನಾಲ್ಕು ಕಾಳು ಅಂತ ಕವರ್ ಪ್ರಿಂಟಾಗೋಗೈತೆ.”

ಕವರಿನ ಮುಂದೆ ವಾದ ಮಾಡುವುದು ಕಷ್ಟ. ಅವರೋ ದಿನಕ್ಕೆ ಎರಡು ಲೋಟ ತೃಪ್ತಿಯಿಂದ ಕುಡಿಯುತ್ತಿದ್ದರು. ಲೋಕವೂ ಹಾಗೆಯೇ ಕುಡಿಯುತ್ತದೆ ಎಂದು ಮನಸಾರೆ ನಂಬಿದ್ದರು.

ಜಾಹೀರಾತು ಸರಳವಾಗಿತ್ತು. ಅವರ ಏಳು ವರ್ಷದ ಮಗಳು ಒಂದು ಲೋಟ ಮಾಲ್ಟ್ ಗಟಗಟ ಕುಡಿದು, “ಅಮ್ಮಾ, ಇನ್ನೊಂದ್ ಲೋಟ!” ಎನ್ನಬೇಕು. ಕ್ಯಾಮರಾಗೆ ಬಂದವನು ಮದುವೆ ವಿಡಿಯೋದವನು. ಮಾಲ್ಟ್ ಪ್ಯಾಕೆಟ್ಟನ್ನು ಹೃದಯದ ಆಕಾರದೊಳಗೆ ಕೂರಿಸಿ ಮೇಲಿನಿಂದ ಗುಲಾಬಿ ಪಕಳೆ ಉದುರಿಸುತ್ತೇನೆ ಎಂದ.

“ಹೃದಯ ಯಾಕಪ್ಪಾ?”

“ನನ್ನ ಹತ್ರ ಇರೋದೇ ಎರಡು ಎಫೆಕ್ಟ್ ಸಾರ್. ಇದು ಬಿಟ್ರೆ ಹುಡುಗಿ ಅಳ್ತಾ ಗಂಡನ ಮನೆಗೆ ಹೋಗೋದು.”

ಹೃದಯವೇ ಇರಲಿ ಎಂದೆ.

ಮಿಲ್ಲು ಮನೆಗೆ ಅಂಟಿಕೊಂಡೇ ಇತ್ತು. ಅದರ ಸದ್ದು ನಿಲ್ಲಿಸಲು ಯಜಮಾನರೇ ಸ್ವಿಚ್ಚಿನ ಹತ್ತಿರ ಕಾವಲು ನಿಂತು, ಹಿಟ್ಟು ಬೀಸಿಸಲು ಬಂದವರನ್ನು ಸಮಾಧಾನ ಮಾಡುತ್ತಿದ್ದರು. ಇಲ್ಲಿ ಅಡುಗೆಮನೆಯಲ್ಲಿ ಮಗು ಒಂದು ಗುಟುಕು ಬಾಯಿಗೆ ಹಾಕಿಕೊಂಡಿತು. ನಮ್ಮೆಲ್ಲರ ಮುಖ ಒಂದು ಸುತ್ತು ನೋಡಿತು. ಆಮೇಲೆ ಅದನ್ನು ಹಾಗೆಯೇ ಲೋಟಕ್ಕೆ ವಾಪಸು ಬಿಟ್ಟಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲಕ್ಕೆ ಅದರ ತಾಯಿ ಲೋಟ ತೆಗೆದುಕೊಂಡು ಉಗ್ರಾಣಕ್ಕೆ ಹೋಗಿ ಬೇರೆ ಲೋಟ ತಂದರು. ಮಗು ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, “ಅಮ್ಮಾ, ಇನ್ನೊಂದ್ ಲೋಟ!” ಎಂದಿತು. ಅಷ್ಟು ಪ್ರಾಮಾಣಿಕವಾದ ನಟನೆಯನ್ನು ನಾನು ದೊಡ್ಡ ಪರದೆಯಲ್ಲೂ ಕಂಡಿಲ್ಲ.

ಉಗ್ರಾಣದ ಗೂಡಿನಲ್ಲಿ ಚಾಕೊಲೇಟ್ ಪುಡಿಯ ಡಬ್ಬಿ ಮುಚ್ಚಳ ತೆರೆದು ಕೂತಿತ್ತು. ನಾನು ನೋಡಿದ್ದನ್ನು ತಾಯಿ ನೋಡಿದರು.

“ಅಣ್ಣಾ, ಅವ್ರಿಗೆ ಹೇಳ್ಬೇಡಿ. ನೊಂದ್ಕೊಳ್ತಾರೆ.”

ಹೇಳದೆ ಇರುವುದು ನನಗೆ ಚೆನ್ನಾಗಿ ಬರುವ ಒಂದೇ ವಿದ್ಯೆ. ಒಪ್ಪಿಕೊಂಡೆ.

ಯಜಮಾನರು ಮೈಯೆಲ್ಲ ಹಿಟ್ಟಾಗಿ ಒಳಗೆ ಬಂದರು. ಖಾಲಿ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣು ತುಂಬಿತ್ತು.

“ನೋಡಿದ್ರಾ ಸಾಮಿ?” ಎಂದರು. “ಮೆಂತ್ಯ!”

೪. ಕರಿಬೇವು

ಜಾಹೀರಾತು ದಿನಕ್ಕೆ ಎಂಟು ಸಲ ಬರುತ್ತಿತ್ತು. ಎಂಟು ಸಲವೂ ಮನೆಮನೆಯಲ್ಲಿ ಒಬ್ಬ ತಾಯಿ ಟಿವಿಯತ್ತ ಬೆರಳು ತೋರಿಸಿ, “ನೋಡು, ನಿನಗಿಂತ ಚಿಕ್ಕೋಳು,” ಎನ್ನುತ್ತಿದ್ದಳು. ಸ್ಕೂಲಿನಲ್ಲಿ ಆ ಹುಡುಗಿಯ ಪಕ್ಕ ಕೂರಲು ಯಾರೂ ತಯಾರಿರಲಿಲ್ಲ. “ಎಲ್ಲಾ ನಿನ್ನಿಂದಾನೇ ಕಣೇ,” ಎಂದು ಇಡೀ ಮೂರನೇ ಕ್ಲಾಸು ಅವಳ ಜೊತೆ ಟೂ ಬಿಟ್ಟಿತ್ತು. ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಚಾಕೊಲೇಟಿನ ವಿಷಯವೂ ಹೊರಗೆ ಬರುತ್ತಿತ್ತು.

ಮಕ್ಕಳು ಬೇಗನೆ ದಾರಿ ಕಂಡುಕೊಂಡವು. ಬೆಳಿಗ್ಗೆ ಲೋಟ ಹಿಡಿದು ಹಿತ್ತಿಲಿಗೆ ಹೋಗುವುದು, ಕರಿಬೇವಿನ ಗಿಡದ ಬುಡಕ್ಕೆ ಸುರಿಯುವುದು, ಮೀಸೆಯಷ್ಟು ತುಟಿಗೆ ಹಚ್ಚಿಕೊಂಡು ವಾಪಸು ಬರುವುದು.

ಆರು ತಿಂಗಳ ಮೇಲೆ ಯಜಮಾನರು ನನ್ನನ್ನು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದರು. ಕಾಂಪೌಂಡಿನ ಮೇಲೆ ಹಾದು ಆಚೆ ಬಗ್ಗಿದ್ದ ಕರಿಬೇವಿನ ಗಿಡಗಳನ್ನು ಒಂದೊಂದಾಗಿ ತೋರಿಸಿದರು.

“ನೋಡಿ ಸಾಮಿ. ನಮ್ಮ ಮಾಲ್ಟ್ ಕುಡಿಯೋ ಮನೇಲಿ ಗಿಡಗಳೂ ಎಂಗವೆ!”

೫. ಕಂಪ್ಲೇಂಟ್

ಮನೆಗಳ ಮೇಲೆ ಡಿಶ್ ಬಂತು, ಲೋಕಲ್ ಚಾನೆಲ್ ನಿಂತಿತು. ನಾನೂ ನಿಶ್ಚಿಂತೆಯಿಂದ ಸುಮ್ಮನಾದೆ. ಎಷ್ಟೋ ವರ್ಷದ ಮೇಲೆ ಮನೆಯ ಇಂಟರ್ನೆಟ್ ಕೆಟ್ಟಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ವಿಳಾಸ ಹೇಳಿದೆ. ಆ ಕಡೆಯ ಹುಡುಗಿ ಕೀಬೋರ್ಡ್ ಕುಟ್ಟುವುದನ್ನು ನಿಲ್ಲಿಸಿದಳು.

“ಸಾರ್… ಒಂದೇ ಒಂದ್ ಸಲ ‘ಹದಿನಾಲ್ಕು ಕಾಳು’ ಅಂತೀರಾ?”

“ಇಂಟರ್ನೆಟ್ ಬರ್ತಿಲ್ಲ,” ಎಂದೆ.

“ಪ್ಲೀಸ್ ಸಾರ್. ನಾನು ಪೀಣ್ಯದೋಳು. ಇಲ್ಲಿ ಎಲೆಕ್ಟ್ರಾನಿಕ್ ಸಿಟೀಲಿ ನಮ್ಮ ಕಡೆಯೋರೇ ನಾಲ್ಕು ಜನ ಇದೀವಿ. ಸ್ಪೀಕರ್‌ಗೆ ಹಾಕ್ತೀನಿ.”

ಬೇರೆ ದಾರಿ ಕಾಣದೆ ಹೇಳಿದೆ: “ಹದಿನಾಲ್ಕು ಕಾಳು, ಒಂದೇ ಲೋಟ. ಬೆಳೆಯುವ ಮಕ್ಕಳಿಗೆ ಬೆಳಗಿನ ಬಲ.” ಆ ಕಡೆಯಿಂದ ನಾಲ್ಕೈದು ದನಿ ಒಟ್ಟಿಗೆ, “ಅಮ್ಮಾ, ಇನ್ನೊಂದ್ ಲೋಟ!” ಎಂದು ಕೂಗಿದವು. ಅತ್ತುಕೊಂಡು ಕುಡಿದವರೇ ಈಗ ಬಿದ್ದು ಬಿದ್ದು ನಗುತ್ತಿದ್ದರು. “ಎಷ್ಟ್ ಚೆನ್ನಾಗಿದ್ವು ಅಲ್ವಾ ಆ ದಿನಗಳು,” ಎಂದಿತು ಒಂದು ದನಿ. “ಆ ಹುಡ್ಗಿ ಒಂದ್ಸಲ ಕೈಗೆ ಸಿಗ್ಬೇಕು ಕಣೇ,” ಎಂದಿತು ಇನ್ನೊಂದು.

ಫೋನ್ ಇಟ್ಟ ಎರಡು ನಿಮಿಷಕ್ಕೆ ಮೆಸೇಜ್ ಬಂತು: “ನಿಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ.”

ಇಂಟರ್ನೆಟ್ ಬಂದದ್ದು ಒಂಬತ್ತನೇ ದಿನ.

೬. ಹೆಣ್ಣು ನೋಡುವ ಶಾಸ್ತ್ರ

ಮಾಲ್ಟ್ ಜಾಹೀರಾತಿನ ಆ ಹುಡುಗಿ ಬೆಳೆದು, ಡಿಪ್ಲೊಮಾ ಮುಗಿಸಿ, ಪೀಣ್ಯದ ಒಂದು ಕಂಪನಿಯ ಕ್ವಾಲಿಟಿ ವಿಭಾಗ ಸೇರಿದ್ದಳು. ಅಳತೆಗೆ ಸರಿಯಿಲ್ಲದ ಬಿಡಿಭಾಗಗಳನ್ನು ತಳ್ಳಿಹಾಕುವುದೇ ಕೆಲಸ. ಮನೆಯಲ್ಲೂ ಅದೇ ಶಿಸ್ತಿನಿಂದ ಮೂರು ಗಂಡು ತಳ್ಳಿಹಾಕಿದ್ದಳು. ನಾಲ್ಕನೆಯ ಹುಡುಗ ವೈಟ್‌ಫೀಲ್ಡಿನ ಕಟ್ಟಡಗಳಲ್ಲಿ ಲಿಫ್ಟ್ ನೋಡಿಕೊಳ್ಳುವವನು. ಬೆಳೆದದ್ದೆಲ್ಲ ಪೀಣ್ಯದ ಹತ್ತಿರ. ಅವನು ನೋಡಲು ಬರುವ ಹಿಂದಿನ ದಿನವೇ ಯಜಮಾನರು ನಮ್ಮ ಮನೆಗೆ ಬಂದರು.

“ಇದೂ ತಪ್ಪೋದ್ರೆ ನಂಗೆ ತಡೆಯಾಕಾಗಲ್ಲ ಸಾಮಿ. ನಂಗೆ ನಯವಾಗಿ ಮಾತಾಡಾಕೆ ಬರಲ್ಲ. ನೀವು ಟಿವೀಲಿ ಮಾತಾಡಿದೋರು. ಬಂದು ಜೊತೇಲಿ ಕುಂತ್ಕಳಿ.”

ಹೋಗಿ ಕುಂತೆ. ಹುಡುಗ, ಅವನ ತಂದೆತಾಯಿ, ಸೋದರಮಾವ, ಮತ್ತು ಬ್ರೋಕರ್. ಉಪ್ಪಿಟ್ಟು, ಕೇಸರಿಬಾತು ಆಯಿತು. ಆಮೇಲೆ ಕಾಫಿ ಬರಬೇಕು. ಯಜಮಾನರು ಎದೆಯುಬ್ಬಿಸಿ, “ನಮ್ಮನೇಲಿ ಕಾಪಿ ಕೊಡಲ್ಲ. ನಮ್ದೇ ಮಾಲ್ಟು,” ಎಂದರು. ಹುಡುಗಿ ತಟ್ಟೆಯಲ್ಲಿ ಲೋಟಗಳನ್ನು ತಂದಳು.

ಹುಡುಗ ಲೋಟ ತೆಗೆದುಕೊಂಡ. ಮೂಸಿದ. ಮುಖದ ಬಣ್ಣ ಇಳಿಯಿತು. ತಲೆಯೆತ್ತಿ ಹುಡುಗಿಯನ್ನು ನೋಡಿದ. ಆಮೇಲೆ ಗೋಡೆಯ ಮೇಲಿದ್ದ ಮಾಲ್ಟ್ ಕ್ಯಾಲೆಂಡರನ್ನು, ಅದರಲ್ಲಿ ಹೃದಯದೊಳಗೆ ಲೋಟ ಹಿಡಿದು ನಗುತ್ತಿದ್ದ ಮಗುವನ್ನು ನೋಡಿದ.

“ನೀವಾ?” ಎಂದ.

ಅವನ ತಾಯಿಯೂ ಗುರುತು ಹಿಡಿದರು. “ಅಯ್ಯೋ ಹೌದಲ್ಲ! ನಾನು ದಿನಾ ಇವಳನ್ನೇ ತೋರಿಸಿ ತೋರಿಸಿ ಕುಡಿಸ್ತಿದ್ದೆ.”

“ನಾಲ್ಕನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೆ,” ಎಂದ ಹುಡುಗ. “ನಮ್ಮನೇಲಿ ಹಿತ್ತಿಲು ಇರಲಿಲ್ಲ. ಮೂರನೇ ಮಹಡಿ. ಒಂದು ಲೋಟನೂ ಬಿಡದೆ ಕುಡಿದಿದೀನಿ.” ಆಮೇಲೆ ಹುಡುಗಿಯ ಕಡೆ ತಿರುಗಿ, ಬಹಳ ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆಯಂತೆ ಕೇಳಿದ: “ಬೇರೇನೂ ಕೇಳಲ್ಲ. ನಿಜ ಹೇಳಿ. ಅವತ್ತು ಇನ್ನೊಂದ್ ಲೋಟ ಕುಡಿದ್ರಾ?”

ಹುಡುಗಿ ತಾಯಿಯನ್ನು ನೋಡಿದಳು. ತಾಯಿ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ.

“ಆ ಒಂದ್ ಲೋಟಾನೂ ಕುಡೀಲಿಲ್ಲ,” ಎಂದಳು ಹುಡುಗಿ. “ಅದು ಚಾಕೊಲೇಟ್ ಹಾಲು.”

ಬ್ರೋಕರ್ ಕಣ್ಣು ಮುಚ್ಚಿಕೊಂಡ. ಯಜಮಾನರು ಮಗಳನ್ನು ನೋಡಿ, ಹೆಂಡತಿಯನ್ನು ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

“ಸಾಮಿ, ನಿಮಗೂ ಗೊತ್ತಿತ್ತಾ?”

“ಗೊತ್ತಿತ್ತು,” ಎಂದೆ. ಮಾತಾಡಲೆಂದು ಕರೆಸಿಕೊಂಡಿದ್ದ ನಾನು ಆ ದಿನ ಆಡಿದ್ದು ಅದೊಂದೇ ಮಾತು.

ಯಜಮಾನರು ತಮ್ಮ ಕೈಯ ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದರು. ಈ ಸಂಬಂಧವೂ ಇಪ್ಪತ್ತು ವರ್ಷದ ಮಾಲ್ಟೂ ಒಟ್ಟಿಗೆ ಕೈತಪ್ಪಿದವು ಎಂದೇ ನಾನು ಅಂದುಕೊಂಡೆ. ಕೊನೆಗೆ ಮೆಲ್ಲಗೆ ಕೇಳಿದರು:

“ಮೆಂತ್ಯ ಜಾಸ್ತಿ ಆಯ್ತಾ?”

“ಹೌದು,” ಎಂದರು ಎಲ್ಲರೂ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಸೋದರಮಾವ, ಬ್ರೋಕರ್, ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯವರು. ಎರಡೂ ಕಡೆಯವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದೇ.

“ತೆಗೆದಾಕ್‌ಬೌದು,” ಎಂದರು ಯಜಮಾನರು, ತಮ್ಮಷ್ಟಕ್ಕೆ ತಾವೇ. “ಆದ್ರೆ ಹದಿನಾಲ್ಕು ಅಂತ ಕವರ್ ಪ್ರಿಂಟಾಗೋಗೈತಲ್ಲ.”

“ಮೆಂತ್ಯ ತೆಗೆದು ಏಲಕ್ಕಿ ಹಾಕಿ ಮಾವ,” ಎಂದ ಹುಡುಗ. “ಹದಿನಾಲ್ಕು ಹದಿನಾಲ್ಕೇ ಇರುತ್ತೆ.”

ಮನೆಯಲ್ಲಿ ಯಾರಿಗೂ ಏಲಕ್ಕಿ ಕೇಳಿಸಲಿಲ್ಲ. ಎಲ್ಲರಿಗೂ ಕೇಳಿಸಿದ್ದು ‘ಮಾವ’. ಅವನ ತಾಯಿ ಸೆರಗು ಸರಿಮಾಡಿಕೊಂಡರು. ಮೂರು ಗಂಡು ತಳ್ಳಿಹಾಕಿದ್ದ ಹುಡುಗಿ ಎದ್ದು ಬಂದು, ಅವನ ಕೈಯಿಂದ ತುಂಬಿದ ಲೋಟವನ್ನು ತೆಗೆದುಕೊಂಡು, “ಇರಿ, ಕಾಫಿ ತರ್ತೀನಿ,” ಎಂದು ಒಳಗೆ ಹೋದಳು. ಬ್ರೋಕರ್ ಕಣ್ಣು ಬಿಟ್ಟ.

ಏಲಕ್ಕಿ ಕೇಳಿಸಿದ್ದು ಒಬ್ಬರಿಗೆ ಮಾತ್ರ. ಯಜಮಾನರು ಮುಂದಕ್ಕೆ ಬಗ್ಗಿ, ಹುಡುಗನ ಮೊಣಕಾಲ ಮೇಲೆ ಕೈಯಿಟ್ಟು, ಅಳಿಯನೊಂದಿಗೆ ಮೊದಲ ಮಾತಾಡಿದರು:

“ಏಲಕ್ಕಿ ರೇಟು ಗೊತ್ತೇನಪ್ಪಾ ನಿಂಗೆ?”