ಬಸ್ಸಿಗೆ ಗಾಳ ಹಾಕಿದ ಮಾವ

ನನ್ನ ಸೋದರಮಾವನಷ್ಟು ಸಲ ಮುಂಬಯಿಗೆ ಹೊರಟವರು ಅಂಕೋಲೆಯಲ್ಲಿ ಇನ್ನೊಬ್ಬರಿಲ್ಲ. ಮುಂಬಯಿಯನ್ನು ಅವರು ಕಂಡಿದ್ದು ಮಾತ್ರ ಕ್ಯಾಲೆಂಡರಿನಲ್ಲಿ!

ಕಾರಣ ನಾನು. ಶೆಟಗೇರಿಯಿಂದ ಕಾರವಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಬೇಕಿತ್ತು. ಪಾಸಿನ ಮಕ್ಕಳು ಎದುರು ನಿಂತರೆ ನಮ್ಮ ಡ್ರೈವರುಗಳಿಗೆ ಕಣ್ಣೇ ಕಾಣುತ್ತಿರಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆ ಇಲ್ಲ ಎಂದರು ಕಾಲೇಜಿನವರು. ಪರೀಕ್ಷೆ ಇಲ್ಲದಿದ್ದರೆ ಮದುವೆ ಎಂದರು ಅಪ್ಪ. ಮದುವೆಗೆ ಹಾಜರಿ ಲೆಕ್ಕವಿಲ್ಲವಲ್ಲ!

ಆಗ ಮಾವ ಎದ್ದರು. ಸಂಸಾರವಿಲ್ಲದ ಮನುಷ್ಯ, ಮನೆಯಲ್ಲಿ ಯಾರೂ ಅವರಿಗೆ ಕೆಲಸ ಹೇಳುತ್ತಿರಲಿಲ್ಲ, ಹೇಳಿದರೆ ಕೆಡುತ್ತದೆ ಎಂದು. ಇಸ್ತ್ರಿಯ ಪಂಚೆ ಉಟ್ಟು, ಅಟ್ಟದ ಖಾಲಿ ಟ್ರಂಕು ಹೊತ್ತು, ಮುಂಬಯಿಗೆ ಹೊರಟವರ ಹಾಗೆ ಸ್ಟಾಪಿನಲ್ಲಿ ಒಬ್ಬರೇ ನಿಂತರು.

"ನೀವು ಗೋಳಿಮರದ ಹಿಂದೆ ಇರಿ. ಎರೆ ಕಂಡ್ರೆ ಮೀನು ತಾನೇ ಬತ್ತದೆ," ಎಂದರು ನಮಗೆ.

ಮುಂಬಯಿಗೆ ಹೊರಟ ಆಸಾಮಿ, ಮೇಲೆ ಲಗೇಜು! ಬಸ್ಸು ನಿಂತಿತು. ಮರದ ಹಿಂದಿನಿಂದ ನಾವು ನಾಲ್ವರು ಹುಡುಗಿಯರು ಓಡಿಬಂದು ಹತ್ತಿದೆವು.

"ನೀವು ಹತ್ತುದಿಲ್ವಾ?" ಎಂದ ಕಂಡಕ್ಟರ್.

"ಇವತ್ತ ಹೋಗುದಿಲ್ಲ. ಹಲ್ಲಿ ನುಡೀತು," ಎಂದರು ಮಾವ.

ಹಲ್ಲಿ ದಿನಾ ನುಡಿದರೆ ಯಾರು ನಂಬುತ್ತಾರೆ? ಬಸ್ಸು ಮಾವನನ್ನೂ ದಾಟಿ ಹೋಗತೊಡಗಿತು. ಮಾವ ಟ್ರಂಕನ್ನು ರಸ್ತೆಯ ನಡುವೆ ಇಟ್ಟು ಅದರ ಮೇಲೆ ಕೂತರು. ಆಮೇಲೆ ತಾವೂ ಹತ್ತಿ ಟಿಕೆಟ್ ತೆಗೆಯುವುದಕ್ಕೆ ಶುರು. ಮುಂದಿನ ಊರು ಅವರ್ಸೆಯಲ್ಲಿ ಇಳಿದು, ಟ್ರಂಕು ತಲೆಯ ಮೇಲಿಟ್ಟುಕೊಂಡು ನಡೆದೇ ವಾಪಸ್. ಮರುದಿನವೂ ಅದೇ.

"ಮುಂಬಯಿ ಹತ್ರ ಬಂತೋ ಮಾರಾಯ್ರೆ?" ಎಂದು ಕಂಡಕ್ಟರ್ ಕೆಣಕಿದರೆ, "ನಿಮ್ಮ ಬಸ್ಸಲ್ಲಿ ಅವರ್ಸೆ ಮುಟ್ಟುದೇ ದೊಡ್ಡದು," ಎನ್ನುವರು. ಊರೆಲ್ಲ ನಕ್ಕಿತು. ನಕ್ಕವರಲ್ಲಿ ಒಬ್ಬರೂ ಬಂದು ಅವರ ಪಕ್ಕ ನಿಲ್ಲಲಿಲ್ಲ.

ಒಂದು ದಿನ ಕಾಲೇಜಿನಲ್ಲಿ ಪರಿಸರದ ಭಾಷಣ. ಎ.ಸಿ. ಕಾರಿನಿಂದ ಇಳಿದ ಅತಿಥಿಗಳು, ವಿದ್ಯಾರ್ಥಿಗಳು ಬೈಕಿನ ಮೋಹ ಬಿಟ್ಟು ಬಸ್ಸಿನಲ್ಲಿ ಬರಬೇಕು, ಭೂಮಿಯನ್ನು ಉಳಿಸಬೇಕು ಎಂದರಂತೆ. ನಾವು ಕೇಳಲಿಲ್ಲ. ತಡವಾಗಿ ಬಂದೆವೆಂದು ನಮ್ಮನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರು. ಬಸ್ಸಿನಲ್ಲೇ ಬಂದಿದ್ದೆವು! ನಾಲ್ವರಲ್ಲಿ ಇಬ್ಬರು ಆ ವರ್ಷವೇ ಕಾಲೇಜು ಬಿಟ್ಟರು. ಅದರಿಂದ ಭೂಮಿ ಎಷ್ಟು ಉಳಿಯಿತೋ ನನಗೆ ಗೊತ್ತಿಲ್ಲ, ಆ ಸಿಟ್ಟು ಇನ್ನೂ ಇದೆ.

ನಾನು ಉಳಿದೆ. ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಸಂಜೆ ಬಸ್ಸಿಳಿದಾಗ ಮಾವ ಸ್ಟಾಪಿನಲ್ಲಿ ಕಾಯುತ್ತಿದ್ದರು.

"ಎಲ್ಲ ಮುಗೀತು ಮಾವ. ಇನ್ನು ನೀವು ಬರುದು ಬೇಡ," ಎಂದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದೆ.

ಅವರು ನನ್ನ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದರು.

"ಹಂಗಾರೆ ನಾಳಿಂದ ನಾ ಎಲ್ಲಿಗೆ ಹೋಗುದು, ತಂಗಿ?"