ದೊಡ್ಡಮ್ಮ ಬಡವಿ ಅಂತ ಸಾಬೀತಾದ ಕತೆ

ಸರ್ಕಾರದಿಂದ ಏನಾದರೂ ಪಡೆಯಬೇಕೆಂದರೆ ನಮ್ಮೂರಿನವರಿಗೆ ಅಡ್ಡ ಬರುವುದು ಕಾನೂನಲ್ಲ, ನಮ್ಮ ಮರ್ಯಾದೆ. ಹೊಲಿಗೆ ಮಿಷನ್ ಹಾಕಿಕೊಂಡು ಬೀದಿ ಬಾಗಿಲಲ್ಲೇ ಕೂರುವ ನನಗೆ ಇಂಥವು ದಿನಾ ಕಣ್ಣಿಗೆ ಬೀಳುತ್ತವೆ. ಆದರೆ ನಮ್ಮ ದೊಡ್ಡಮ್ಮನ ಪಿಂಚಣಿಯಷ್ಟು ಇನ್ಯಾವುದೂ ನನ್ನ ತಲೆ ತಿಂದಿಲ್ಲ.

ದೊಡ್ಡಮ್ಮ ನಮ್ಮವ್ವನ ಅಕ್ಕ, ನಮ್ಮ ಬೀದಿಯಲ್ಲೇ ಒಬ್ಬಳೇ ಇದ್ದಾಳೆ. ಗಂಡನಿಲ್ಲ, ಮಕ್ಕಳಿಲ್ಲ, ಮಂಡಿ ನೋವು ಬಂದ ಮೇಲೆ ಕಬ್ಬಿನ ಗದ್ದೆಯ ಕೂಲಿಯೂ ಇಲ್ಲ. ಬಿ.ಪಿ. ಮಾತ್ರೆಗೆ ತಿಂಗಳು ತಿಂಗಳು ತಮ್ಮನ ಮುಂದೆ ನಿಲ್ಲಬೇಕು. ತಮ್ಮ ಇಲ್ಲವೆನ್ನುವುದಿಲ್ಲ, ಆದರೆ ಕೊಡುವ ಮೊದಲು ಉದ್ದಕ್ಕೆ ಒಂದು ನಿಟ್ಟುಸಿರು ಬಿಡುತ್ತಾನೆ. ಇನ್ನು ಆ ನಿಟ್ಟುಸಿರು ಕೇಳುವುದಿಲ್ಲ ಅಂತ ಅವಳಿಗೆ ಹಟ ಹತ್ತಿತು.

ಎರವಲು ಸರ

ವಿಧವಾ ಪಿಂಚಣಿಗೆ ಅರ್ಜಿ ಕೊಡಲು ಹೊರಟ ದಿನ ದೊಡ್ಡಮ್ಮ ಇದ್ದೊಂದು ರೇಷ್ಮೆ ಸೀರೆ ಉಟ್ಟು, ಪಕ್ಕದ ಮನೆಯ ಚಿನ್ನದ ಸರ ಹಾಕಿಕೊಂಡು ಬಂದಳು. ಬೇಡ ಅಂದರೆ ಕೇಳಲಿಲ್ಲ. ಬೆಸಗರಹಳ್ಳಿಯಲ್ಲಿ ಬಸ್ಸು ಹತ್ತಿ ಮದ್ದೂರಿಗೆ ಹೋದೆವು. ತಾಲ್ಲೂಕು ಕಚೇರಿಯ ಗುಮಾಸ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಮಗ್ಯಾಕಮ್ಮ ಪಿಂಚಣಿ ಅಂದ.

"ಅರ್ಕಲು ಸೀರೆ ಉಟ್ಕೊಂಡ್ ಬಂದ್ರೆ ನಂಗಲ್ಲ ಕಣಪ್ಪ, ನಿಮ್ ಸರ್ಕಾರಕ್ಕೇ ಅವಮಾನ" ಅಂದಳು ದೊಡ್ಡಮ್ಮ.

ಮನೆ ನೋಡಲು ಗ್ರಾಮ ಲೆಕ್ಕಿಗರು ಬರುತ್ತಾರೆ ಅಂತ ಹೇಳಿ ಅವನು ಅರ್ಜಿ ತೆಗೆದುಕೊಂಡ. ವಾಪಸ್ ಬರುವಾಗ ಬಸ್ಸು ಕಿಕ್ಕಿರಿದಿತ್ತು. ಎಲ್ಲರೂ ಕಂಬಿ ಹಿಡಿದು ನಿಂತಿದ್ದರೆ ನಾನು ದೊಡ್ಡಮ್ಮನ ಕತ್ತಿನ ಸರ ಹಿಡಿದು ನಿಂತಿದ್ದೆ.

ಲೆಕ್ಕಿಗರ ಊಟ

ನಮ್ಮ ಬೀದಿಯಲ್ಲಿ ಒಬ್ಬರ ಮನೆಗೆ ನೆಂಟರು ಬಂದರೆ ಸಾಮಾನು ಎಲ್ಲರ ಮನೆಯಿಂದಲೂ ಹೊರಡುತ್ತದೆ. ಯಾರೂ ಕೇಳಬೇಕಾಗಿಲ್ಲ. ಲೆಕ್ಕಿಗರು ಬಂದ ದಿನವೂ ಹಾಗೇ ಆಯಿತು. ಮೂಲೆಮನೆಯಿಂದ ಕುರ್ಚಿಗಳು ಬಂದವು, ಎದುರುಮನೆಯಿಂದ ಟೇಬಲ್ ಫ್ಯಾನು, ಪಕ್ಕದ ಮನೆಯಿಂದ ಹೊಸ ಸ್ಟೀಲ್ ಲೋಟ ಮತ್ತು ಒಂದು ಪಾತ್ರೆ ಕೋಳಿ ಸಾರು.

ಲೆಕ್ಕಿಗರು ಫ್ಯಾನಿನ ಗಾಳಿಗೆ ಕೂತು ಮುದ್ದೆ ಮುರಿದರು, ಸಾರು ಎರಡು ಸಲ ಹಾಕಿಸಿಕೊಂಡರು, ಕೈ ತೊಳೆದು 'ಸ್ಥಿತಿವಂತರು' ಅಂತ ಬರೆದುಕೊಂಡು ಹೋದರು. ಅರ್ಜಿ ವಜಾ ಆಯಿತು.

ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆದನಲ್ಲ ಅಂತ ಬೈಯುತ್ತಾ ಕೂತೆ. ದೊಡ್ಡಮ್ಮ ಮಾತ್ರ, "ಸಾರ್ಗೆ ಉಪ್ಪು ಕಮ್ಮಿಯಾಗಿತ್ತೇನೋ ಕಣೆ" ಅಂದಳು.

ಸಹಾಯವಾಣಿ

ಸಹಾಯವಾಣಿಗೆ ಫೋನ್ ಮಾಡಿದೆ. ಅತ್ತಲಿಂದ ಹುಡುಗಿಯೊಬ್ಬಳು ಹಲೋ ಅನ್ನುತ್ತಿದ್ದಂತೆ ದೊಡ್ಡಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಯಾವೂರಮ್ಮ ಅಂತ ಹುಡುಗಿ ಕೇಳಿದರೆ, ನಿಂದ್ ಯಾವೂರವ್ವ ಅಂತ ಇವಳು ಕೇಳಿದಳು. ಮಳವಳ್ಳಿಯಂತೆ. ಯಾವ ಬೀದಿ, ಯಾರ ಮಗಳು ಅಂತೆಲ್ಲ ಬಗೆದು ನೋಡಿದರೆ ಹುಡುಗಿಯ ಅಜ್ಜಿ ಯಲಿಯೂರಿನವಳು, ದೊಡ್ಡಮ್ಮನ ನಾದಿನಿಯನ್ನು ಕೊಟ್ಟ ಮನೆಯ ಹಿಂದಿನ ಮನೆ! ಹುಡುಗಿಗೆ ನೆಗಡಿಯಾಗಿತ್ತು. ಅದಕ್ಕೆ ಮೆಣಸಿನ ಕಷಾಯ ಹೇಳಿಕೊಟ್ಟು ಫೋನ್ ಇಟ್ಟಳು.

ಪಿಂಚಣಿ ವಿಚಾರ ಏನಾಯ್ತು ಅಂದೆ.

"ಈಗಿನ್ನೂ ಪರಿಚಯ ಆಗ್ಯದೆ. ಆಗ್ಲೇ ಕೇಳ್ಬುಟ್ರೆ ಚೆಂದಾಗಿರ್ತದಾ?" ಅಂದಳು.

ಬೀದಿಗೆಲ್ಲ ಅವೇ ಕುರ್ಚಿ

ಮಾರನೇ ದಿನ ದೊಡ್ಡಮ್ಮ ಮಲಗಿದ್ದಾಗ ನಾನೇ ಫೋನ್ ಮಾಡಿ ದೂರು ಬರೆಸಿದೆ. ಅದಾಗಿ ಸ್ವಲ್ಪ ದಿನಕ್ಕೆ, ಮನೆಯನ್ನು ಇನ್ನೊಂದು ಸಲ ನೋಡಲು ತಾಲ್ಲೂಕು ಕಚೇರಿಯಿಂದ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂತು. ಈ ಸಲ ಈ ಮನೆಗೆ ಯಾರೂ ಒಂದು ಚಮಚವನ್ನೂ ತರಕೂಡದು ಅಂತ ಬೀದಿಗೆಲ್ಲ ಸಾರಿ ಬಂದೆ. ಅದು ದೊಡ್ಡಮ್ಮನ ಕಿವಿಗೆ ಬಿತ್ತು.

"ಮನೆಗ್ ಬಂದೋರ್ನ ಬರೀ ನೆಲದ ಮ್ಯಾಲೆ ಕೂರುಸ್ಲಾ? ನಾನ್ ಬಡವಿ ಕಣೆ, ಬಿಕಾರಿ ಅಲ್ಲ. ನಾಟ್ಕ ಆಡಿ ಬರೋ ಪಿಂಚ್ಣಿ ನಂಗ್ ಬ್ಯಾಡ, ಓಗು."

ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಕುರ್ಚಿ, ಫ್ಯಾನು, ಲೋಟ ಎಲ್ಲ ಮತ್ತೆ ಬಂದವು.

ಸಾಹೇಬರು ಕುರ್ಚಿಯಲ್ಲಿ ಕೂತು, ಕಾಫಿ ಕೈಗೆ ತೆಗೆದುಕೊಂಡು, ಫ್ಯಾನನ್ನು ನೋಡಿ ಪೆನ್ನು ತೆಗೆದರು. ಮುಗಿಯಿತು ನಮ್ಮ ಕತೆ ಅಂದುಕೊಂಡೆ. ಅಷ್ಟರಲ್ಲಿ ಮೂಲೆಮನೆಯವಳು ಓಡಿಬಂದಳು. ಅವಳ ಮಗಳನ್ನು ನೋಡಲು ನಾಳೆ ಬರಬೇಕಿದ್ದ ಗಂಡಿನವರು ಮಂಡ್ಯದಿಂದ ಇವತ್ತೇ ಬಂದು ಬಾಗಿಲಲ್ಲಿ ನಿಂತಿದ್ದರು. "ಒಸಿ ಏಳಿ ಸಾರ್" ಅಂದು ಕುರ್ಚಿಗಳನ್ನು ಎತ್ತಿಕೊಂಡು ಹೋದಳು. ಎದುರುಮನೆಯವನು ಬಂದು ಫ್ಯಾನಿನ ವಯರು ಕಿತ್ತ, ಅದೂ ಹೆಣ್ಣಿನ ಮನೆಗೆ ಹೊರಟಿತು. ಪಕ್ಕದ ಮನೆಯವಳು ಬಂದು ಲೋಟವನ್ನೇ ನೋಡುತ್ತಾ ನಿಂತಳು. ಸಾಹೇಬರು ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ನುಂಗಿ ಲೋಟ ಒಪ್ಪಿಸಿದರು.

ದೊಡ್ಡಮ್ಮ ಮೂಲೆಯಲ್ಲಿದ್ದ ಚಾಪೆ ಹಾಸಿದಳು. ಸಾಹೇಬರು ಅದರ ಮೇಲೆ ಕೂತು, ಖಾಲಿ ಮನೆಯನ್ನು ಸುತ್ತ ನೋಡಿ, ಈ ಮನೆಯಲ್ಲಿ ನಿಮ್ಮದು ಅಂತ ಏನಿದೆ ಅಮ್ಮ ಅಂತ ಕೇಳಿದರು.

"ಚಾಪೆ ನಂದು, ಬಿ.ಪಿ. ನಂದು. ಮಿಕ್ಕಿದ್ದೆಲ್ಲ ಬೀದೀದು. ಬರ್ಕೊಳಪ್ಪ" ಅಂದಳು.

ಬರೆದುಕೊಂಡರು. ಪಿಂಚಣಿ ಬಂತು.

ದೊಡ್ಡಮ್ಮ ಸ್ವಂತ ದುಡ್ಡಲ್ಲಿ ಕೊಂಡ ಮಾತ್ರೆ ಹಿಡಿದುಕೊಂಡು ಅಂಗಡಿಯಿಂದ ನೇರ ತಮ್ಮನ ಮನೆಗೆ ಹೋದಳು. ಅವನ ಎದುರು ಕೂತು, ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು, ಎದ್ದು ಬಂದಳು.