ಕಾಳಪ್ಪಾಚಾರಿ ಮುಚ್ಚಿದ ತಾಯಿತ

ಅಕ್ಕಸಾಲಿಗನಿಗೆ ಕೆಲಸದ ನಡುವೆ ಸೀನು ಬರಬಾರದು. ಶ್ರೀರಂಗಪಟ್ಟಣದ ಪೇಟೆಬೀದಿಯ ಕಾಳಪ್ಪಾಚಾರಿಗೆ ಬಂದೇಬಿಟ್ಟಿತು. ಎದುರಿಗಿದ್ದ ಕಾಗದದ ಪೊಟ್ಟಣ ಹಾರಿ ಇದ್ದಿಲ ಕೆಂಡದ ಮೇಲೆ ಬಿತ್ತು. ಅವನು ಚಿಮಟಕ್ಕೆ ಕೈಹಾಕುವಷ್ಟರಲ್ಲಿ ಬೂದಿಯಾಗಿತ್ತು.

ಅದನ್ನು ಬೆಳಿಗ್ಗೆ ಕೊಟ್ಟುಹೋದವರು ಬಾಬುರಾಯನಕೊಪ್ಪಲಿನ ಪುಟ್ಟತಾಯಮ್ಮ. ಒಳಗಿದ್ದದ್ದು ಅವರ ಮೊಮ್ಮಗನ ಹೊಕ್ಕುಳಬಳ್ಳಿ. ಕೂಸಿನ ಹೊಕ್ಕುಳಿನಿಂದ ಒಣಗಿ ಉದುರಿದ ತುಂಡನ್ನು ಬೆಳ್ಳಿಯ ತಾಯಿತದಲ್ಲಿಟ್ಟು ಮುಚ್ಚಿ ಸೊಂಟಕ್ಕೆ ಕಟ್ಟುವುದು ಆ ಕಡೆಯ ವಾಡಿಕೆ. ದೊಡ್ಡ ಕಾಯಿಲೆ ಬಂದರೆ ಅದನ್ನೇ ತೇದು ಕುಡಿಸುತ್ತಾರೆ. ಆ ಮನೆಯ ಮೂರು ತಲೆಮಾರಿನ ತಾಯಿತಗಳನ್ನು ಮುಚ್ಚಿದ್ದು ಕಾಳಪ್ಪನ ಮನೆಯವರೇ. ತೊಟ್ಟಿಲ ಶಾಸ್ತ್ರ ಆವತ್ತೇ ಮಧ್ಯಾಹ್ನ. ಪೊಟ್ಟಣವನ್ನು ಪಾಪ ಅವನಿನ್ನೂ ಬಿಚ್ಚಿ ನೋಡಿಯೂ ಇರಲಿಲ್ಲ.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ಶಿವಶಂಕರ್ ಪೇಪರು ಹಿಡಿದು ಬಂದು ಜಗುಲಿಯ ಮೇಲೆ ಕೂತರು. ನಿವೃತ್ತರಾದ ಮೇಲೆ ಅವರು ಬೀದಿಗೆಲ್ಲ ವಿಜ್ಞಾನ ಬಡಿಸುತ್ತಿದ್ದರು.

“ಕೇಳ್ದಾ ಕಾಳಪ್ಪ, ಎಂಬತ್ತೆಂಟ್ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಹುಡುಗನಿಗೆ ಕೆಟ್ಟ ರಕ್ತದ ಕಾಯ್ಲೆ. ಅವನ ತಂಗಿ ಹುಟ್ದಾಗ ಹೊಕ್ಕುಳಬಳ್ಳಿ ರಕ್ತ ಹಿಡಿದಿಟ್ಟು ಇವನಿಗೆ ಕೊಟ್ರಂತೆ. ವಾಸಿಯಾಗಿ ಆರು ವರ್ಷ ಆಯ್ತು. ಈಗ ಅಮೆರಿಕದಲ್ಲಿ ಆ ರಕ್ತಕ್ಕೇ ಅಂತ ಬ್ಯಾಂಕ್ ಮಾಡವ್ರೆ. ಅದ್ರಲ್ಲಿ ಮೂಲಕೋಶ ಇರ್ತದೆ, ಹೊಸ ರಕ್ತ ಹುಟ್ಟಿಸೋ ಬೀಜ ಇದ್ದಂಗೆ.”

ಕಾಳಪ್ಪ ಚಿಮಟದಿಂದ ಬೂದಿ ಕೆದಕಿದ. “ಒಣಗಿದ್ರೂ ಗುಣ ಇರ್ತದಾ ಮೇಷ್ಟ್ರೇ?”

“ಎಲ್ಲಾದ್ರೂ ಉಂಟಾ, ಹಸಿ ರಕ್ತಾನೇ ಬೇಕು, ಅದ್ನ ಐಸಲ್ಲಿ...”

ಮೇಷ್ಟ್ರ ವಿಜ್ಞಾನ ಅಲ್ಲಿಗೇ ನಿಂತಿತು. ಎಲೆಅಡಿಕೆ ಕೊಂಡು ವಾಪಸು ಬಂದ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ತಮಗೆ ಬೇಕಾದಷ್ಟನ್ನು ಕೇಳಿಸಿಕೊಂಡಿದ್ದರು.

“ನಮ್ಮವ್ವ ಯೋಳಿದ್ದು ಪ್ಯಾರಿಸ್‌ನೋರ್ಗೆ ಈಗ ಗೊತ್ತಾಯ್ತಾ? ಜ್ವಾಪಾನ ಕಣಪ್ಪ ಕಾಳಪ್ಪ. ಅದು ಬರೀ ಬಳ್ಳಿ ಅಲ್ಲ, ನಮ್ ಕೂಸಿನ ಆಯಸ್ಸು” ಎಂದು ಹೇಳಿ ಹೊರಟರು.

ಕಾಳಪ್ಪ ಒಳಗೆ ಹೋಗಿ ಹೆಂಡತಿ ವರಲಕ್ಷ್ಮಮ್ಮನಿಗೆ ಪೊಟ್ಟಣ ಸುಟ್ಟದ್ದನ್ನು ಹೇಳಿದ.

“ದಿಟ ಯೋಳ್ಬುಡಿ” ಎಂದಳು ಅವಳು.

“ಶುಭಕಾರ್ಯದ ದಿನ ಆಯಮ್ಮನ ಎದೆ ಒಡೀಲಾ? ಇನ್ಮೇಲೆ ಆ ಮನೇರು ನಮ್ ಹೊಸ್ಲು ತುಳಿದಾರಾ?”

“ಅಂಗಾರೆ ನಿಮ್ದೇ ಆಕ್ಕೊಡಿ. ಅದೂ ಬಳ್ಳಿ ತಾನೆ.”

ಕಾಳಪ್ಪನ ತಾಯಿ ಮಾಯಮ್ಮ ಮಗನ ತಾಯಿತವನ್ನು ದೇವರ ಗೂಡಲ್ಲಿಟ್ಟು ಕಣ್ಣುಮುಚ್ಚಿದ್ದಳು. ನಲವತ್ತನಾಲ್ಕು ವರ್ಷದ ಬೆಸುಗೆ ಬಿಚ್ಚಿದಾಗ ಅಂಗೈಗೆ ಒಂದು ಕಪ್ಪು ತುಣುಕು ಬಿತ್ತು. ಅವ್ವನಿಗೂ ತನಗೂ ಇದ್ದ ನಂಟೇ ಅದು ಅನ್ನಿಸಿ ಕಣ್ಣು ತುಂಬಿತು. ಅದನ್ನು ಕಣ್ಣಿಗೊತ್ತಿಕೊಂಡು ಹೊಸ ತಾಯಿತದಲ್ಲಿಟ್ಟು ಮುಚ್ಚಿದ.

ಕೊಪ್ಪಲಿಗೆ ಅವನಿಗಿಂತ ಮೊದಲೇ ಮೇಷ್ಟ್ರು ತಲುಪಿದ್ದರು. ಪ್ಯಾರಿಸ್ಸಿನ ಕತೆ ಕೇಳಿದ ನೆಂಟರೆಲ್ಲ ತಾಯಿತ ನೋಡಲು ಮುಗಿಬಿದ್ದರು. ಒಬ್ಬಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಪಕ್ಕದ ಮನೆಯ ಜವರಯ್ಯನಂತೂ, “ಮೂಲಕೋಸ ಎಂಗದೆ ಅಂತ ಒಂದ್ ಕಿತ ಬಿಚ್ಚಿ ನೋಡನ ಕಣ್ಲಾ” ಎಂದ.

“ಬ್ಯಾಡ, ಬೆಸುಗೆ ಇನ್ನೂ ಅಸಿ ಅದೆ” ಎಂದು ಕಾಳಪ್ಪ ತೊದಲಿದ. ಕೊನೆಗೆ ಬಾಣಂತಿ ಶ್ವೇತ ತಾಯಿತವನ್ನು ಒಳಗೆ ತೆಗೆದುಕೊಂಡು ಹೋದಳು. ಅವನು ಉಸಿರು ಬಿಟ್ಟು ಊಟಕ್ಕೆ ಕೂತ.

ಪಾಯಸ ಬಡಿಸುವ ಹೊತ್ತಿಗೆ ಪುಟ್ಟತಾಯಮ್ಮ ಬಾಯಿ ಬಿಚ್ಚಿದ ತಾಯಿತ ಹಿಡಿದು ಬಂದರು.

“ಎಡವಟ್ಟಾಗೋಯ್ತು ಕಾಳಪ್ಪ. ಬೆಳಿಗ್ಗೆ ನಾ ನಿಂಗೆ ಕೊಟ್ಟದ್ದು ಬಾಣಂತಿ ಔಸ್ದಿ ಪೊಟ್ಣ, ಒಣಶುಂಟಿ. ಬಳ್ಳಿ ಗೂಡಲ್ಲೇ ಕುಂತದೆ. ಶ್ವೇತ ನೋಡಿದ್ಲು. ಈಗ ಅಸಲಿದು ಆಕಿವ್ನಿ, ಊಟ ಆದ್ಮೇಲೆ ಬಾಯಿ ಮುಚ್ಕೊಡು.”

ಸುಟ್ಟದ್ದು ಶುಂಠಿ. ಕಾಳಪ್ಪನಿಗೆ ಹೋದ ಜೀವ ಬಂದಂತಾಯಿತು. ಎರಡು ತುತ್ತು ನೆಮ್ಮದಿಯಾಗಿ ಉಂಡ. ಮೂರನೆಯದಕ್ಕೆ ತನ್ನ ತಾಯಿತದ ಕಪ್ಪು ತುಣುಕು ನೆನಪಾಯಿತು.

“ಒಳಗಿದ್ದದ್ದು ಏನ್ಮಾಡಿದ್ರಿ ಅವ್ವಾ?”

“ಆ ಶುಂಟೀನಾ? ಅಳೇದು, ಕಪ್ಪಾಗಿತ್ತು. ಯಾಕ್ ಎಸೀಬೇಕು ಅಂತ ಬೆಲ್ಲ ಸೇರ್ಸಿ ಅರ್ದು ಯಜಮಾನ್ರಿಗೆ ಕೊಟ್ಟೆ, ಕೆಮ್ಮಿಗೆ.”

ಕಂಬಕ್ಕೊರಗಿದ್ದ ಅವರ ಗಂಡ ಕರಿಯಪ್ಪ ಗೌಡರು ಮೀಸೆ ಒರೆಸಿಕೊಂಡರು. “ಕಾರಾನೇ ಇರ್ಲಿಲ್ಲ ಕಣ್ಲಾ. ಆದ್ರೆ ಎಲ್ಡು ವರ್ಸದ ಕೆಮ್ಮು ಗಪ್ಪಂತ ನಿಂತೋಯ್ತು. ಮನೇಲಿರೋ ಶುಂಟಿ ದಿನಾ ತಿಂತಿದ್ದೆ, ಒಂದಿನಾನೂ ಇಂಗಾಗ್ಲಿಲ್ಲ. ಇದು ನಿನ್ ಕೈಗುಣ.”

ಕಾಳಪ್ಪ ಬಾಯಿ ತೆರೆದ. ದಿಟ ಹೇಳಿದರೆ ಗೌಡರು ತಿಂದದ್ದೇನೆಂದೂ ಹೇಳಬೇಕು. ಪಾಯಸ ಕುಡಿದು ಬಾಯಿ ಮುಚ್ಚಿಕೊಂಡ.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಕೊಪ್ಪಲಿನ ಹನ್ನೊಂದು ಜನ ಕೆಮ್ಮುತ್ತ ನಿಂತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಡು ಶುಂಠಿ. ಬೆಳ್ಳಿಯಲ್ಲಿ ಮುಚ್ಚಿ ತೆಗೆದುಕೊಡಬೇಕಂತೆ.

ಸಾಲಿನ ಕೊನೆಯಲ್ಲಿ ಶಿವಶಂಕರ್ ಮೇಷ್ಟ್ರು ನಿಂತಿದ್ದರು.

“ನಂಬ್ಕೆ ಏನಿಲ್ಲ ಕಾಳಪ್ಪ” ಎಂದರು ಮುಷ್ಟಿ ಬಿಚ್ಚುತ್ತ. “ಪ್ರಯೋಗ, ಅಷ್ಟೆ.”